ಹುಣಸೆಹಣ್ಣಿನಲ್ಲಿ ತೊಳೆದ ಸ್ಯಾಕ್ಸೊಫೋನ್

ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕುವಾಗ ಬರುವ ಹುಳಿ ವಾಸನೆ ಯಾರ ಹಿತ್ತಲಿನಿಂದ ತೇಲಿ ಬಂದರೂ ನನಗೆ ಯಶವಂತಪುರದ ನಮ್ಮ ಬಾಡಿಗೆ ಮನೆ ನೆನಪಾಗುತ್ತದೆ. ಗೂಡ್ಸ್ ಗಾಡಿ ಹೋದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿದ್ದ ಆ ಮನೆಯಲ್ಲಿ ಅಪ್ಪ, ಅಮ್ಮ, ನಾನು ಮತ್ತು ಗದಗದಿಂದ ಬಂದು ನಮ್ಮೊಡನೆ ನೆಲೆಸಿದ್ದ ಅಪ್ಪನ ತಾಯಿ ಇದ್ದೆವು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಹುಡುಗನಾಗಿದ್ದಾಗ ಊರಿನ ಬ್ಯಾಂಡಿನಲ್ಲಿ ಕಲಿತ ಸ್ಯಾಕ್ಸೊಫೋನ್ ಅವರ ಮನಸ್ಸಿನಿಂದ ಹೋಗಿರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಹೆಬ್ಬಾಳದ ನಿವೃತ್ತ ವಾದಕರೊಬ್ಬರಿಂದ ಹಳೆಯದೊಂದನ್ನು ಕೊಂಡು ತಂದರು. ಮೈಯೆಲ್ಲ ಕಪ್ಪಾಗಿತ್ತು, ಒಂದು ಕಡೆ ತಗ್ಗು ಬಿದ್ದಿತ್ತು, ದನಿ ಮಾತ್ರ ತುಂಬಿಕೊಂಡಿತ್ತು. ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು, ಮಂಚದ ಅಂಚಿನಲ್ಲಿ ಕುಳಿತು ನುಡಿಸುತ್ತಿದ್ದರು.

ಆಯುಧಪೂಜೆಯ ಹಿಂದಿನ ದಿನ ಅಜ್ಜಿ ಮನೆಯ ಹಿತ್ತಾಳೆಯನ್ನೆಲ್ಲ ಹಿತ್ತಲಿಗೆ ತಂದರು. ಕೊಡ, ದೀಪ, ಗಂಟೆ, ಜೊತೆಗೆ ಸ್ಯಾಕ್ಸೊಫೋನ್. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಬಕೆಟ್ಟಿನಲ್ಲಿ ಅದ್ದಿ ತೆಗೆದು ಬಿಸಿಲಿಗಿಟ್ಟರು. "ನಿಮ್ಮಪ್ಪ ನೋಡಿ ಎಷ್ಟು ಹಿಗ್ಗತಾನ ನೋಡು," ಎಂದರು. ಸಂಜೆ ಅಪ್ಪ ಊದಿದರೆ ಬಂದದ್ದು ಬರೀ ಗಾಳಿ. ರಂಧ್ರಗಳನ್ನು ಮುಚ್ಚುವ ತೊಗಲಿನ ಬಿಲ್ಲೆಗಳು ನೆನೆದು ಉಬ್ಬಿದ್ದವು. ಅಪ್ಪ ಬೈಯಲಿಲ್ಲ. ಪೆಟ್ಟಿಗೆ ಮುಚ್ಚಿದರು, ಅಜ್ಜಿಯೊಡನೆ ಮಾತು ಬಿಟ್ಟರು. ಊಟಕ್ಕೆ ಕರೆಯುವುದೂ ನನ್ನ ಮೂಲಕವೇ ಆಯಿತು. "ನಾ ಗದಗಿಗೆ ಹೊಕ್ಕೀನವ್ವಾ. ಮಗನ ಮಾತಿಲ್ಲದ ಮನ್ಯಾಗ ಹ್ಯಾಂಗ ಇರ್ಲಿ?" ಎಂದು ಅಜ್ಜಿ ಅಮ್ಮನ ಬಳಿ ಹೇಳಿ, ಟ್ರಂಕಿಗೆ ಸೀರೆ ಜೋಡಿಸತೊಡಗಿದರು.

ಆರ್.ಟಿ. ನಗರದಲ್ಲಿ ವಾದ್ಯ ರಿಪೇರಿ ಮಾಡುತ್ತಿದ್ದ ರಹೀಮ್ ಸಾಬರು ಬಿಲ್ಲೆಗಳನ್ನೆಲ್ಲ ಹೊಸದಾಗಿ ಕೂರಿಸಿದರು. ಅಪ್ಪನೂ ನಾನೂ ಅದನ್ನು ತರಲು ಹೊರಟಾಗ ಅಜ್ಜಿ ಯಾರೂ ಕರೆಯದೆ ನಮ್ಮ ಹಿಂದೆ ಬಸ್ ಹತ್ತಿದರು.

"ತೊಳ್ದಿದ್ದು ನೀವೇನಮ್ಮಾ?" ಸಾಬರು ನಕ್ಕರು. "ಅರೆ, ಒಂದು ಒಗ್ಗರಣೆ ಹಾಕ್ಬಿಟ್ಟಿದ್ರೆ ಸಾರೇ ಆಗೋಗ್ತಿತ್ತಲ್ಲ!"

ಅಜ್ಜಿ ನಗಲಿಲ್ಲ. ಅಪ್ಪ ಊದಿ ನೋಡಿದರೆ ಕೆಳಗಿನ ಸ್ವರವೊಂದು ಇನ್ನೂ ಒಡೆಯುತ್ತಿತ್ತು. ಸಾಬರು ಶಟರ್ ಎಳೆದು ಅಂಗಡಿಯನ್ನು ಕತ್ತಲು ಮಾಡಿ, ತಂತಿಗೆ ಕಟ್ಟಿದ ಪುಟ್ಟ ಬಲ್ಬನ್ನು ಕೊಳವೆಯೊಳಗೆ ಇಳಿಬಿಟ್ಟರು. ಬಿಲ್ಲೆ ಸರಿಯಾಗಿ ಕೂರದಿದ್ದಲ್ಲಿ ಬೆಳಕು ಹೊರಗೆ ಬರುತ್ತದೆ. ಅವರೂ ಅಪ್ಪನೂ ನಿಂತು ಎಷ್ಟು ನೋಡಿದರೂ ಎಲ್ಲೂ ಕಾಣಲಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಕುಳಿತಿದ್ದ ಅಜ್ಜಿ ಕೆಳಗಿನಿಂದ ಕೈ ಚಾಚಿದರು.

"ತಗ್ಗಿನ ಮಗ್ಗುಲಾಗ ಸೋರಾಕತ್ತೈತಲ್ಲೋ."

ಅಪ್ಪ ತಾಯಿಯ ಕಡೆ ತಿರುಗಿದರು. "ಎಲ್ಲೈತಿ ಬೇ?"

ಅಜ್ಜಿ ಬೆರಳಿಟ್ಟು ತೋರಿಸಿದರು. ಅಪ್ಪ ಮಂಡಿಯೂರಿ, ಅವರ ಭುಜಕ್ಕೆ ತಲೆ ತಾಗಿಸಿ, ಕೂದಲೆಳೆಯಷ್ಟಿದ್ದ ಆ ಬೆಳಕನ್ನು ನೋಡಿದರು. ಮನೆಗೆ ಬಂದು ಅಜ್ಜಿ ಟ್ರಂಕಿನ ಸೀರೆಗಳನ್ನು ಮತ್ತೆ ಗೂಟಕ್ಕೆ ಹಾಕಿದರು.

ಆಮೇಲೆ ನುಡಿಸುವ ಮೊದಲು ಅಪ್ಪ ಪ್ರತಿ ಸಲ "ಬೇ, ಸೋರತೈತೇನು ನೋಡು," ಎನ್ನುತ್ತಿದ್ದರು. ಬಲ್ಬೂ ಇಲ್ಲದೆ, ಕತ್ತಲೂ ಇಲ್ಲದೆ ಅಜ್ಜಿ ಬಾಗಿ ನೋಡಿ, "ಇಲ್ಲ, ಊದು," ಎನ್ನುತ್ತಿದ್ದರು. ಇಬ್ಬರೂ ಈಗಿಲ್ಲ, ಆ ಮನೆಯಿದ್ದ ಜಾಗದಲ್ಲಿ ಗೋದಾಮು ಎದ್ದಿದೆ. ಸ್ಯಾಕ್ಸೊಫೋನ್ ಸಹಕಾರನಗರದಲ್ಲಿ ನನ್ನ ಬಳಿ ಇದೆ, ನನಗೆ ನುಡಿಸಲು ಬರುವುದಿಲ್ಲ. ಆಯುಧಪೂಜೆಗೆ ಒಣಬಟ್ಟೆಯಿಂದ ಒರೆಸುತ್ತೇನೆ. ಕುಂಕುಮವಿಡುವ ಮೊದಲು ಒಮ್ಮೆ ಕೆಳಗಿನಿಂದ ಬಾಗಿ ನೋಡುತ್ತೇನೆ. "ಇಲ್ಲ, ಊದು" ಎನ್ನಲು ಊದುವವರಿಲ್ಲ, ಮಾತು ಬಾಯಲ್ಲೇ ಉಳಿಯುತ್ತದೆ.