ಹುರುಳಿ ಹರಡಿದ ರಸ್ತೆ

ದೆವ್ವ, ಗಾಳಿ, ಶಕುನ ಎಂದರೆ ಮೂಗು ಮುರಿಯುತ್ತಿದ್ದವನು ನಾನು. ಬೆಕ್ಕು ಅಡ್ಡ ಬಂದಾಗಲೆಲ್ಲ ನಿಲ್ಲಿಸುತ್ತಾ ಕೂತರೆ ಚಿಕ್ಕಬಳ್ಳಾಪುರ ಬಿಟ್ಟ ಬಸ್ಸು ಚಿಂತಾಮಣಿ ಸೇರುವುದು ಯಾವಾಗ? ನಮ್ಮ ಬಸ್ಸಿನ ಮುಂದೆ ನಿಂಬೆಹಣ್ಣು ಕಟ್ಟಿಸುತ್ತಿದ್ದವರು ಮಾಲೀಕರು, ನಾನಲ್ಲ. ಹುಣಸೆಮರದ ಕೆಳಗೆ ಅದನ್ನು ಕಂಡೆ, ಇದನ್ನು ಕಂಡೆ ಎನ್ನುವ ಜೊತೆಗಾರರಿಗೆ ನಾನು ಕೇಳುತ್ತಿದ್ದದ್ದು ಒಂದೇ ಮಾತು: "ಎಷ್ಟು ಕುಡ್ದಿದ್ದೆ?" ಈಗ ಇದನ್ನು ಓದುವವರು ನನಗೂ ಅದನ್ನೇ ಕೇಳಬಹುದು. ಕೇಳಲಿ. ನಾನು ಕುಡಿದವನಲ್ಲ. ನಡೆದದ್ದು ಹಾಡಹಗಲು, ಬಸ್ಸಿನ ತುಂಬ ಜನ ಇರುವಾಗ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗಾಗ ಇಪ್ಪತ್ತೆಂಟು ವರ್ಷವಿರಬೇಕು. ಒಂದು ಖಾಸಗಿ ಬಸ್ಸಿನಲ್ಲಿ ಡ್ರೈವರ್ ಆಗಿದ್ದೆ. ನನಗೆ ಬಂಡಿ ಓಡಿಸಲು ಕಲಿಸಿದವರು ದಸ್ತಗೀರ್ ಸಾಹೇಬರು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದಿದ್ದ ಅವರಿಗೆ ಬಸ್ ಸ್ಟ್ಯಾಂಡಿನಲ್ಲಿ "ನಿಧಾನ ಸಾಹೇಬ್ರು" ಎಂದೇ ಹೆಸರು. ಕೆರೆ ಏರಿಯ ತುದಿಯಲ್ಲಿ ನಿಲ್ಲಿಸಿ ಎರಡು ಸಲ ಹಾರನ್ ಹೊಡೆದು, ಆಚೆಯಿಂದ ಯಾರೂ ಬರುತ್ತಿಲ್ಲ ಎಂದು ಖಾತ್ರಿಯಾದ ಮೇಲೇ ಅವರು ಏರಿ ಹತ್ತುತ್ತಿದ್ದರು. "ಎದುರಿಗೆ ಬರೋನು ಕುರುಡ ಅಂದ್ಕೊಂಡು ಓಡಿಸ್ಬೇಕು ಕಣೋ. ಪಕ್ಕದಾಗಿರೋ ಎಮ್ಮೆ ಅಡ್ಡ ಬಂದೇ ಬತ್ತದೆ ಅಂದ್ಕೋಬೇಕು. ತಳ ಕಾಣ್ದಿರೋ ಜಾಗದ ಮ್ಯಾಲೆ ಚಕ್ರ ಹತ್ತಿಸ್ಬಾರ್ದು, ನೀರಾಗ್ಲಿ, ಹುಲ್ಲಾಗ್ಲಿ. ಇಳಿದು ನೋಡು, ಆಮೇಲೆ ಹತ್ತಿಸು," ಎನ್ನುತ್ತಿದ್ದರು.

ಅವರ ಇನ್ನೊಂದು ಅಭ್ಯಾಸ ನಮಗೆಲ್ಲ ನಗೆಪಾಟಲಾಗಿತ್ತು. ರಜೆಯ ದಿನ ಟಿಕೆಟ್ ತೆಗೆದುಕೊಂಡು ಬಸ್ಸಿನಲ್ಲಿ ಕೂತರೂ ಸುಮ್ಮನಿರುತ್ತಿರಲಿಲ್ಲ. ಡ್ರೈವರಿನ ಬೆನ್ನ ಹಿಂದೆಯೇ ಕೂತು "ಎಡಕ್ಕೆ ಗಾಡಿ ಐತೆ, ಮುದುಕ ದಾಟ್ತಾವ್ನೆ ನೋಡ್ಕೋ" ಎಂದು ಹೇಳುತ್ತಲೇ ಇರುತ್ತಿದ್ದರು. ಯಾರಾದರೂ ರೇಗಿದರೆ, "ಸ್ಟೇರಿಂಗ್ ನನ್ ಕೈಯಾಗಿಲ್ಲ ಅಷ್ಟೇ. ಕಣ್ಣು ಮನೇಲಿ ಇಟ್ ಬಂದಿದೀನಾ?" ಎನ್ನುವರು. ನಾನೂ ನಗುತ್ತಿದ್ದೆ. ಆದರೆ ಡ್ಯೂಟಿಯ ಮೇಲಿದ್ದಾಗ ಅವರು ಹೇಳಿಕೊಟ್ಟಂತೆಯೇ ನಡೆಯುತ್ತಿದ್ದೆ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಗೆ ಆಗ ಡಾಂಬರು ಬಿದ್ದು ಹೆಚ್ಚು ದಿನವಾಗಿರಲಿಲ್ಲ. ರಸ್ತೆ ಬದಿಯ ಹಳ್ಳಿಯವರಿಗೆ ಅದೊಂದು ಹಬ್ಬ. ಕಣ ಮಾಡಿ ಸಗಣಿ ಸಾರಿಸುವ ಕೆಲಸವಿಲ್ಲ, ಕಾಳು ಬಿಡಿಸಲು ಎತ್ತು ಕಟ್ಟಿ ರೋಣುಗಲ್ಲು ಎಳೆಸಬೇಕಿಲ್ಲ. ಒಣಗಿದ ಹುರುಳಿ ಬಳ್ಳಿ ತಂದು ರಸ್ತೆಗೆ ಅಡ್ಡವಾಗಿ ಮೊಣಕಾಲುದ್ದ ಹರಡಿಬಿಟ್ಟರೆ ಆಯಿತು, ಬಸ್ಸು ಹೋಗಿ ಬಂದು ಕಾಳು ಉದುರಿಸಿಕೊಡುತ್ತದೆ. ನಾವೂ ಅದನ್ನು ಉಪಕಾರ ಎಂದೇ ತಿಳಿದು ಹತ್ತಿಸಿಕೊಂಡು ಹೋಗುತ್ತಿದ್ದೆವು. ನಾನೊಬ್ಬನೇ ನಿಲ್ಲಿಸುವವನು. ನಿಲ್ಲಿಸಿ, ಹಾರನ್ ಹೊಡೆದು, ಕಂಡಕ್ಟರ್ ವೆಂಕಟರವಣನಿಂದ ಒಮ್ಮೆ ನೋಡಿಸಿ ಹತ್ತಿಸುತ್ತಿದ್ದೆ. ಅಷ್ಟಕ್ಕೇ ಅವನು ಗೊಣಗುತ್ತಿದ್ದ.

ಸಂಕ್ರಾಂತಿಗೆ ಇನ್ನೂ ಕೆಲವು ದಿನವಿತ್ತು. ನಡುಮಧ್ಯಾಹ್ನ ಶಿಡ್ಲಘಟ್ಟ ದಾಟಿ ಮೂರು ನಾಲ್ಕು ಮೈಲಿ ಬಂದಿದ್ದೆ. ಒಂದು ಹಳ್ಳಿಯ ಮುಂದೆ ಹುರುಳಿ ಹರಡಿತ್ತು. ಹುರುಳಿಯ ನಡುವೆ ಒಬ್ಬ ಹೆಂಗಸು ನಿಂತಿದ್ದಳು. ನೀಲಿ ಸೀರೆ. ಗೋಣಿಚೀಲವನ್ನು ಮಳೆಗಾಲದಲ್ಲಿ ಮಾಡುವಂತೆ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡಿದ್ದಳು. ಈ ಬಿಸಿಲಿನಲ್ಲಿ ಯಾಕಪ್ಪ ಎಂದುಕೊಂಡೆ. ಅವಳು ನಿಲ್ಲು ಎಂಬಂತೆ ಎಡಗೈ ಎತ್ತಿದಳು. ಬ್ರೇಕು ಒತ್ತಿದೆ. ಬಸ್ಸು ನಿಲ್ಲುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಪಕ್ಕಕ್ಕೆ ಹೋಗಿರಬೇಕು ಎಂದುಕೊಂಡು ಇಳಿದೆ. ಇಂಜಿನ್ ತಿರುಗಿಸುವ ಹ್ಯಾಂಡಲ್ಲಿನಿಂದ ಹುರುಳಿಯನ್ನು ಅಲ್ಲಲ್ಲಿ ಎತ್ತಿ ನೋಡಿದೆ. ಕೆಳಗೆ ಬರೀ ಡಾಂಬರು. ಅವಳು ನಿಂತಿದ್ದ ಜಾಗದಲ್ಲಿ ಬಳ್ಳಿ ತುಳಿದ ಗುರುತೇ ಇರಲಿಲ್ಲ. ಆಚೆ ಹುಣಸೆಮರದ ನೆರಳಿನಲ್ಲಿ ಹುರುಳಿಯವರು ಊಟಕ್ಕೆ ಕೂತಿದ್ದರು. ಹುರುಳಿಯ ಒಡತಿ ನಾರಾಯಣಮ್ಮ ಎಂಬಾಕೆ ಅಲ್ಲಿಂದಲೇ ಕೂಗಿದಳು: "ಹತ್ತಿಸಪ್ಪೋ, ಯಾಕೆ ನಿಂತ್ಕೊಂಡೆ?"

"ಇಲ್ಲಿ ಒಬ್ರು ಹೆಂಗಸು ನಿಂತಿದ್ರಲ್ಲಮ್ಮ, ನೀಲಿ ಸೀರೆ?"

"ನೀಲಿ ಸೀರೆಯೋಳು ಯಾರೂ ಇಲ್ವಲ್ಲಪ್ಪ. ಇರೋದೇ ನಾವು ಮೂರು ಜನ."

ಬಿಸಿಲಿಗೆ ಕಣ್ಣು ಮಂಜಾಗಿರಬೇಕು ಎಂದು ಸಮಾಧಾನ ಮಾಡಿಕೊಂಡು ಹೊರಟೆ.

ಮರುದಿನ ಅದೇ ಹೊತ್ತು, ಅದೇ ಜಾಗ. ಅದೇ ನೀಲಿ ಸೀರೆ, ಅದೇ ಗೋಣಿಕೊಪ್ಪೆ. ಈ ಸಲ ಕಣ್ಣು ಮಿಟುಕಿಸದೆ ನೋಡುತ್ತಲೇ ಬಂದೆ. ಹತ್ತು ಮಾರು ಇದೆ ಎನ್ನುವವರೆಗೂ ಇದ್ದಳು, ಆಮೇಲೆ ಇಲ್ಲ. ಮತ್ತೆ ಇಳಿದೆ, ಮತ್ತೆ ಹ್ಯಾಂಡಲ್ಲಿನಿಂದ ಇಡೀ ಹುರುಳಿ ಕೆದಕಿದೆ. ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದಿದ್ದವು. ಏನು ಹುಡುಕುತ್ತಿದ್ದೀಯ ಎಂದು ವೆಂಕಟರವಣ ಕೇಳಿದಾಗ ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ. ಅವನು ಬಸ್ಸಿಗೆಲ್ಲ ಕೇಳುವ ಹಾಗೆ, "ಆಯಮ್ಮನಿಗೂ ಒಂದು ಟಿಕೆಟ್ ಹರೀಲೇನಣ್ಣೋ?" ಎಂದ. ಇಡೀ ಬಸ್ಸು ನಕ್ಕಿತು. ಮರದಡಿಯಿಂದ ನಾರಾಯಣಮ್ಮನ ಮನೆಯವರೂ ನಕ್ಕರು. ಸಂಜೆ ಚಿಕ್ಕಬಳ್ಳಾಪುರಕ್ಕೆ ಹಿಂತಿರುಗುವ ಹೊತ್ತಿಗೆ ಸುದ್ದಿ ನನಗಿಂತ ಮೊದಲೇ ಬಸ್ ಸ್ಟ್ಯಾಂಡ್ ಮುಟ್ಟಿತ್ತು. ಕಾಫಿ ಕೊಡುವವನೂ "ಎರಡು ಲೋಟ ತಾನೇ, ಆಯಮ್ಮನಿಗೂ ಸೇರಿಸಿ?" ಎಂದ. ರಾತ್ರಿ ಹಾಸಿಗೆಯಲ್ಲಿ ನನಗೆ ಹೆದರಿಕೆಗಿಂತ ಅವಮಾನವೇ ಹೆಚ್ಚಾಗಿತ್ತು.

ಮೂರನೆಯ ದಿನ ನನಗೆ ವಾರದ ರಜೆ. ಹೆಂಡತಿಯ ತವರು ಚಿಂತಾಮಣಿ. ಅವಳನ್ನು ಕರೆತರಲು ಅದೇ ಬಸ್ಸಿಗೆ ಹತ್ತಿದೆ. ಓಡಿಸುತ್ತಿದ್ದವನು ಮುನಿಶಾಮಿ. ಒಳ್ಳೆಯ ಡ್ರೈವರ್, ನನಗಿಂತ ಎರಡು ವರ್ಷ ಚಿಕ್ಕವನು. ನಾನು ಅವನ ಬೆನ್ನ ಹಿಂದಿನ ಸೀಟಿನಲ್ಲೇ ಕೂತೆ. ಹುಣಸೆಮರ ಕಂಡ ಕೂಡಲೇ ಮುಂದಕ್ಕೆ ಬಾಗಿ ರಸ್ತೆ ನೋಡಿದೆ. ಹುರುಳಿ ಹರಡಿತ್ತು. ಅವಳೂ ಇದ್ದಳು. ಅವತ್ತು ಅವಳು ಕೈ ಎತ್ತಲಿಲ್ಲ. ಎರಡು ಕೈಯನ್ನೂ ಗೋಣಿಯೊಳಗೆ ಮುದುಡಿಕೊಂಡಿದ್ದಳು. ನೋಡುತ್ತಿದ್ದದ್ದು ಮುನಿಶಾಮಿಯನ್ನಲ್ಲ, ಅವನ ಹೆಗಲ ಮೇಲಿಂದ ನನ್ನನ್ನು.

ನಾನು ಅರ್ಧ ಎದ್ದೆ. "ನಿಲ್ಸು" ಎಂಬ ಮಾತು ಗಂಟಲಿಗೆ ಬಂದಿತ್ತು. ವೆಂಕಟರವಣ ಅದನ್ನೇ ಕಾಯುತ್ತಿದ್ದವನಂತೆ, "ಏನಣ್ಣ, ಆಯಮ್ಮ ಬಂದ್ಲಾ?" ಎಂದ. ಹಿಂದೆ ನಾಲ್ಕಾರು ಜನ ಕಿಸಕ್ಕನೆ ನಕ್ಕರು. ಮುನಿಶಾಮಿ ನಗಲಿಲ್ಲ. ವೇಗ ತಗ್ಗಿಸಿ, ತಿರುಗದೆಯೇ ಕೇಳಿದ: "ನಿಲ್ಸ್ಲೇನಣ್ಣ? ಇಳಿದು ನೋಡ್ತೀಯಾ?"

"ಏನಿಲ್ಲ, ಹೋಗಯ್ಯ," ಎಂದೆ.

ಇದನ್ನು ನಾನೇ ಹೇಳಿದೆ. ನನ್ನ ಬಾಯಿಂದಲೇ ಹೇಳಿದೆ. ಎದುರಿಗೆ ಅವಳು ಆಗಲೇ ಇರಲಿಲ್ಲ. ಬಸ್ಸು ಹುರುಳಿಯ ಮೇಲೆ ಹತ್ತಿತು. ಕಾಯಿ ಒಡೆಯುವ ಚಟಪಟ ಸದ್ದಾಯಿತು. ನಡುವೆ ಒಂದು ಕಡೆ ಎಡಗಡೆಯ ಮುಂದಿನ ಚಕ್ರ ಸ್ವಲ್ಪ ಎದ್ದು ಇಳಿಯಿತು. ಕೂತವರಿಗೆ ಅದು ಗೊತ್ತೂ ಆಗಿರಲಾರದು. ಮುನಿಶಾಮಿಗೆ ಗೊತ್ತಾಯಿತು, ನನಗೆ ಗೊತ್ತಾಯಿತು.

ಬಸ್ಸು ನಿಲ್ಲಿಸಿ, ಇಳಿದು ಹುರುಳಿ ಸರಿಸಿದಾಗ ಕಂಡದ್ದು ನೀಲಿ ಸೀರೆ. ಮೈಗೆ ಗೋಣಿಕೊಪ್ಪೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ನಾರಾಯಣಮ್ಮ ಎದೆ ಬಡಿದುಕೊಂಡು ಓಡಿಬಂದಳು. ಅವಳ ತಂಗಿಯಂತೆ, ನಗರಗೆರೆಗೆ ಕೊಟ್ಟಿದ್ದರಂತೆ. ಅಕ್ಕನ ಹುರುಳಿ ಕೆಲಸಕ್ಕೆ ನೆರವಾಗಲು ಹಿಂದಿನ ದಿನ ಹೊರಟು, ಗೌರಿಬಿದನೂರಿನಲ್ಲಿ ರಾತ್ರಿ ಕಳೆದು, ಆಗಷ್ಟೇ ಬಂದು ಇಳಿದಿದ್ದಳು. "ಬಂದು ಗಂಟೆ ಹೊತ್ತಾಗಿಲ್ಲಪ್ಪೋ! ಚಳಿ ಜ್ವರ ಬಂದೈತೆ ಅಂದ್ಲು. ಬಿಸಿಲಾಗೆ ಕೂತ್ಕೊಳೇ ಅಂದೆ. ಅಲ್ಲಿ ಹೋಗಿ ಮಲಗ್ತಾಳೆ ಅಂತ ಯಾರಿಗೆ ಗೊತ್ತು!" ಬಿಸಿಲಿಗೆ ಕಾದ ಡಾಂಬರು ಕೆಳಗೆ, ಹುರುಳಿ ಮೇಲೆ, ನಡುಗುವ ಮೈಗೆ ಅದಕ್ಕಿಂತ ಬೆಚ್ಚಗಿನ ಜಾಗ ಬೇರೆ ಸಿಕ್ಕಿರಲಿಕ್ಕಿಲ್ಲ.

ಇನ್ನೂ ಜೀವವಿತ್ತು. ಬಸ್ಸಿನೊಳಗೆ ಮಲಗಿಸಿ ಶಿಡ್ಲಘಟ್ಟದ ಕಡೆಗೆ ತಿರುಗಿಸಿದೆವು. ಮುನಿಶಾಮಿಯೇ ಓಡಿಸಿದ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕಾಲ ಬಳಿ ಒಬ್ಬ ಅಜ್ಜಿ ಕೂತಿದ್ದರು, ಬಸ್ಸಿನಲ್ಲಿ ಬಂದವರು. ನಾರಾಯಣಮ್ಮ ಹಿಂದಿನ ಸೀಟಿನಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಳು. ಅರ್ಧ ದಾರಿಯಲ್ಲಿ ನನ್ನ ತೊಡೆಯ ಮೇಲಿದ್ದವಳು ಕಣ್ಣು ತೆರೆದು ನನ್ನ ಮುಖ ನೋಡಿದಳು. ತೆಲುಗಿನಲ್ಲಿ, ಮೆಲ್ಲಗೆ, ಕೋಪವೇನೂ ಇಲ್ಲದ ದನಿಯಲ್ಲಿ ಹೇಳಿದಳು:

"ರೆಂಡು ದಿನಾಲು ದಿಗಿ ಚೂಸ್ತಿವಿ ಕದನ್ನಾ. ಈ ದಿನಂ ಎಂದುಕು ದಿಗಲೇದು?"

ಎರಡು ದಿನ ಇಳಿದು ನೋಡಿದೆಯಲ್ಲಣ್ಣ, ಇವತ್ತು ಯಾಕೆ ಇಳಿಯಲಿಲ್ಲ, ಎಂದು. ಶಿಡ್ಲಘಟ್ಟದ ಮನೆಗಳು ಕಾಣುವ ಮೊದಲೇ ಹೋಗಿಬಿಟ್ಟಳು. ಅಜ್ಜಿ ಕಣ್ಣೊರೆಸಿಕೊಂಡು ನನ್ನನ್ನು ಕೇಳಿದರು: "ನಿಂಗೆ ಮೊದ್ಲಿಂದ ಗೊತ್ತಿರೋಳೇನಪ್ಪ?" ಹಾಗಾಗಿ ಆ ಮಾತನ್ನು ಕೇಳಿಸಿಕೊಂಡವನು ನಾನೊಬ್ಬನೇ ಅಲ್ಲ.

ವಿಚಾರಣೆ ನಡೆಯಿತು. ಏನಾದರೂ ಕಂಡಿತೇ ಎಂದು ನನ್ನನ್ನು ಕೇಳಿದಾಗ, ಇಲ್ಲ ಎಂದೆ. ಮುನಿಶಾಮಿಯ ಕೆಲಸ ಹೋಯಿತು. ಅವನು ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ, ಗೌರಿಬಿದನೂರಿನಲ್ಲಿ ಟೀ ಅಂಗಡಿ ಇಟ್ಟುಕೊಂಡ. ನಾನು ಅವನಿಗೆ ಹೋಗು ಎಂದದ್ದನ್ನು ಅವನು ಯಾರಿಗೂ ಹೇಳಲಿಲ್ಲ, ನನ್ನ ಮುಖಕ್ಕೂ ಆಡಲಿಲ್ಲ. ಈಗ ಅವನಿಲ್ಲ. ಇದನ್ನು ಬರೆಯುವ ಧೈರ್ಯ ಬಂದಿರುವುದೂ ಅದಕ್ಕೇ ಇರಬಹುದು, ನಾಚಿಕೆಗೇಡಿನ ಧೈರ್ಯ.

ನಾರಾಯಣಮ್ಮನ ಹತ್ತಿರ ತಿಂಗಳು ಕಳೆದ ಮೇಲೆ ಹೋಗಿದ್ದೆ. ಮೊದಲ ಎರಡು ದಿನದ ನನ್ನ ಕತೆಯನ್ನು ತಂಗಿಗೆ ತಮಾಷೆಗಾದರೂ ಹೇಳಿದ್ದಿರಾ ಎಂದು ಕೇಳಿದೆ. "ನೀರು ಕುಡೀತೀಯೇನೇ, ಬಿಸಿಲಾಗೆ ಕೂತ್ಕೊಳೇ ಅಂದಿದ್ದು ಬಿಟ್ರೆ ಮಾತೇ ಆಡಿರ್ಲಿಲ್ಲಪ್ಪ," ಎಂದು ಅತ್ತಳು. ದುಃಖದಲ್ಲಿ ಮರೆತಿರಬಹುದು. ಮನೆಯ ಬೇರೆ ಯಾರಾದರೂ ಹೇಳಿರಬಹುದು. ಆದರೆ ಹೇಳಿದ್ದರೂ, ಮೊದಲೆರಡು ದಿನ ಇಳಿದವನು ನಾನೇ ಎಂದು ಅವಳು ಗುರುತು ಹಿಡಿದದ್ದು ಹೇಗೆ? ಅವತ್ತು ನಾನು ಖಾಕಿಯನ್ನೂ ತೊಟ್ಟಿರಲಿಲ್ಲ.

ದಸ್ತಗೀರ್ ಸಾಹೇಬರಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಕಂಡದ್ದು, ಸುಮ್ಮನಾದದ್ದು, ಅವಳು ಕೇಳಿದ್ದು. ದೆವ್ವವೋ ಭ್ರಮೆಯೋ ಏನಾದರೂ ಒಂದು ಹೇಳಿ ನನ್ನನ್ನು ಬಿಡಿಸುತ್ತಾರೆ ಎಂದುಕೊಂಡಿದ್ದೆ. ಅವರು ಸೇದುತ್ತಿದ್ದ ಬೀಡಿ ಕೆಳಗಿಟ್ಟರು. "ಆ ಹೆಂಗ್ಸು ಕಂಡ್ಲೋ ಇಲ್ವೋ, ಅದು ಬಿಡು ಬೇಟಾ," ಎಂದರು. "ಹುರುಳಿ ಕಾಣ್ತಿತ್ತಲ್ಲ?"

ಆ ದಿನದಿಂದ, ಡ್ಯೂಟಿ ಇರಲಿ ಬಿಡಲಿ, ನಾನೂ ನಿಧಾನದವನಾದೆ. ಈಗಲೂ ಸಂಕ್ರಾಂತಿಯ ಆಸುಪಾಸಿನಲ್ಲಿ ಆ ಕಡೆಯ ರಸ್ತೆಗಳಲ್ಲಿ ಹುರುಳಿ, ರಾಗಿ ಹರಡುತ್ತಾರೆ. ಯಾರ ಗಾಡಿಯಲ್ಲಿ ಕೂತಿದ್ದರೂ ನಿಲ್ಲಿಸು ಎಂದು ಕೂಗುತ್ತೇನೆ, ಕೋಲಿನಿಂದ ಕೆದಕುತ್ತೇನೆ. ಜನ ನಗುತ್ತಾರೆ. ಕೆಳಗೆ ಇದುವರೆಗೆ ಏನೂ ಸಿಕ್ಕಿಲ್ಲ, ಅವಳೂ ಮತ್ತೆ ಕಂಡಿಲ್ಲ. ಆ ಮೂರು ದಿನ ನನ್ನ ಕಣ್ಣಿಗೆ ಬಿದ್ದದ್ದು ಏನು, ನಾನು ಇಳಿದು ನೋಡಿದ್ದು ಅವಳಿಗೆ ಹೇಗೆ ತಿಳಿಯಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಕೇಳಿದ್ದಕ್ಕೆ ಮಾತ್ರ ಉತ್ತರ ಗೊತ್ತಿತ್ತು. ಬಸ್ಸಿನಲ್ಲಿ ನಾಲ್ಕು ಜನ ನಗುತ್ತಾರೆ ಎಂದು ಇಳಿಯಲಿಲ್ಲ ತಾಯಿ, ಎನ್ನಬೇಕಿತ್ತು. ಉಸಿರು ನಿಲ್ಲುವವರೆಗೂ ಅವಳ ಹಣೆ ನನ್ನ ಕೈಯಡಿಯಲ್ಲಿ ಜ್ವರದಿಂದ ಸುಡುತ್ತಲೇ ಇತ್ತು, ನಾನು ಬಾಯಿ ಬಿಡಲಿಲ್ಲ.