ಮೇಸ್ತ್ರಿಯ ಕೆಂಪು ಮುಳ್ಳು

ಭದ್ರಾವತಿಯ ಆ ಟ್ರ್ಯಾಕ್ಟರ್ ಮೇಸ್ತ್ರಿಯ ಬಳಿ ಊಟದ ತಟ್ಟೆಯಗಲದ, ಗಡಿಯಾರದಂಥ ಒಂದು ಡಯಲ್ ಇತ್ತು. ಎರಡು ಟ್ರ್ಯಾಕ್ಟರುಗಳ ನಡುವಿನ ಸರಪಳಿಗೆ ಅದನ್ನು ಸಿಕ್ಕಿಸಿ, ಹಿಂದಿನದಕ್ಕೆ ಬ್ರೇಕ್ ಹಾಕಿಸಿ, ಮುಂದಿನದರಿಂದ ಎಳೆಸುತ್ತಿದ್ದರು. ಕಪ್ಪು ಮುಳ್ಳು ಏರಿ ಇಳಿಯುತ್ತಿತ್ತು. ಅದು ತಳ್ಳಿದ ಕೆಂಪು ಮುಳ್ಳು ಮಾತ್ರ ಏರಿದಲ್ಲೇ ನಿಲ್ಲುತ್ತಿತ್ತು. ಗಾಡಿಯ ನಿಜವಾದ ಎಳೆತ ಅಷ್ಟೇ. ಓದಿ ಹೇಳಿದ ಮೇಲೆ ಆ ಕೆಂಪು ಮುಳ್ಳನ್ನು ಅವರೇ ಬೆರಳಿನಿಂದ ಸೊನ್ನೆಗೆ ತರುತ್ತಿದ್ದರು, ಬೇರೆಯವರು ಮುಟ್ಟುವಂತಿರಲಿಲ್ಲ.

ನನ್ನ ಹೊಸ ಗಾಡಿಯನ್ನು ಗ್ಯಾರೇಜಿನ ಎದುರಿನ ರಸ್ತೆಯಲ್ಲೇ ಅಳೆಯಿರಿ ಎಂದೆ. ನಾಲ್ಕು ಜನ ನೋಡಲಿ ಎಂಬ ಆಸೆ.

"ಡಾಂಬರು ಉಳ್ತೀಯೇನ್ ಮಾರಾಯ?" ಎಂದರು. ಎಲ್ಲರನ್ನೂ ಅವರು ಕೇಳುತ್ತಿದ್ದುದು ಅದನ್ನೇ.

ಹೊಳೆಹೊನ್ನೂರಿನ ನಮ್ಮ ಗದ್ದೆಗೇ ಬಂದರು. ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ಮಣ್ಣನ್ನು ಒತ್ತುತ್ತಾ ಉದ್ದಕ್ಕೂ ನಡೆದರು. ಎಳೆಸಿದಾಗ ಚಕ್ರ ಜಾರಿತು, ಕೆಂಪು ಮುಳ್ಳು ಅರ್ಧಕ್ಕೇ ನಿಂತಿತು. ನನ್ನ ಮುಖ ಸಪ್ಪಗಾಯಿತು.

"ಇಂಜಿನ್ ಚೆನ್ನಾಗೇ ಇದೆ. ಮಣ್ಣು ಹಸಿ, ಹಿಡಿತ ಕೊಡ್ತಿಲ್ಲ. ಶುಕ್ರವಾರ ನಮಾಜ್ ಮುಗಿಸ್ಕೊಂಡು ಬರ್ತೀನಿ, ಇನ್ನೊಂದ್ಸಲ ಎಳೆಸೋಣ. ಡಯಲ್ ಇಲ್ಲೇ ಇರ್ಲಿ, ಮುಳ್ಳು ಮುಟ್ಬೇಡ."

ಆ ಶುಕ್ರವಾರ ನಾನೇ ಭದ್ರಾವತಿಗೆ ಹೋದೆ, ಅವರನ್ನು ಹೊತ್ತು ಸಾಗಿದ ಜನಾಜಾದ ಹಿಂದೆ ಖಬರಸ್ಥಾನದವರೆಗೆ ನಡೆದೆ. ಆಮೇಲೊಂದು ದಿನ ಡಯಲ್ ಮರಳಿಸಲು ಹೋದಾಗ ಅವರ ಹೆಂಡತಿ, "ನಿಮ್ಮತ್ರಾನೇ ಇರ್ಲಿ" ಎಂದರು.

ಈಗ ಅದು ನಮ್ಮ ಶೆಡ್ಡಿನ ಗೋಡೆಯಲ್ಲಿದೆ. ಕೆಂಪು ಮುಳ್ಳು ಅಂದು ನಿಂತಲ್ಲೇ ನಿಂತಿದೆ. ಮಣ್ಣು ಹದಕ್ಕೆ ಬಂದಾಗಲೆಲ್ಲ ಅದರ ಮುಂದೆ ಹೋಗಿ ನಿಲ್ಲುತ್ತೇನೆ. ಸೊನ್ನೆಗೆ ತರಲು ಒಂದು ಬೆರಳು ಸಾಕು. ಇನ್ನೂ ಮುಟ್ಟಿಲ್ಲ.