ಬಟನ್ನೋ ಹಿಡಿಯೋ

ಮಕ್ಕಳೇ, ನಿಮ್ಮ ಅಮ್ಮನ ಆಫೀಸಿನಲ್ಲಿ ಹಿಡಿಯಿರುವ ಕಾಫಿ ಮೆಷಿನ್ನು ಇದೆಯಲ್ಲ, ಅದು ಬಂದ ಸಂಗತಿ ಬರೆಯುತ್ತೇನೆ. ಎದುರು ಕೂತು ಹೇಳು ಅಂದರೆ ನನ್ನಿಂದಾಗದು.

ನಿಮ್ಮ ತಾತ ಹೋದ ಮೇಲೆ ಜನ್ನಾಪುರದ ಮನೆಯಲ್ಲಿ ಹಗಲು ಹೊತ್ತು ನನಗೆ ಕಾಲು ನಿಲ್ಲುತ್ತಿರಲಿಲ್ಲ. ಒರೆಸಿದ ಒಲೆಯನ್ನೇ ಮತ್ತೆ ಒರೆಸುತ್ತಿದ್ದೆ. ಅದನ್ನು ನೋಡಿ ನಿಮ್ಮ ಅಮ್ಮ, ಶಿವಮೊಗ್ಗದಲ್ಲಿ ಮನೆಗಳ ಪ್ಲಾನು ಮಾಡಿಕೊಡುವ ತನ್ನ ಆಫೀಸಿಗೆ ನನ್ನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋಗತೊಡಗಿದಳು. ಅಲ್ಲಿ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ ಎಲ್ಲರಿಗೂ ಬೈಟು ಕಾಫಿ ಕೊಡುವುದು ನನ್ನ ಕೆಲಸ. ನಾನು ಮಾತು ಕಡಿಮೆಯವಳಾದರೂ ಲೋಟ ಮುಂದಿಟ್ಟರೆ ಅವರೇ ಮಾತಾಡುತ್ತಿದ್ದರು.

ಒಂದು ದಿನ ಮನೆ ಕಟ್ಟಿಸಲು ಬಂದವರೊಬ್ಬರು ಎಸ್ಪ್ರೆಸೊ ಕೇಳಿದರು, ಮೆಷಿನ್ನಿನಲ್ಲಿ ಇಳಿಸುವ ಗಟ್ಟಿ ಕಾಫಿಯಂತೆ. ನಾನು ಚಿಕ್ಕ ಲೋಟದಲ್ಲಿ ಗಟ್ಟಿ ಡಿಕಾಕ್ಷನ್ ಕೊಟ್ಟೆ. ಅವರು ಒಂದು ಗುಟುಕು ಕುಡಿದು ಲೋಟವನ್ನು ಪಕ್ಕಕ್ಕೆ ಸರಿಸಿದರು. ಸಂಜೆ ಬಸ್ಸಿನಲ್ಲಿ ನಿಮ್ಮ ಅಮ್ಮ, "ಒಂದು ಒಳ್ಳೇ ಮೆಷಿನ್ ತಗೊಳ್ಳೋಣಮ್ಮ. ನಿಂಗೂ ಕಷ್ಟ ತಪ್ಪತ್ತೆ" ಎಂದಳು. ಆ ಕಷ್ಟವೂ ತಪ್ಪಿದರೆ ನನಗೆ ಉಳಿಯುವುದೇನು ಎಂದು ಕೇಳಬೇಕಿತ್ತು. ಕಿಟಕಿಯಾಚೆ ನೋಡುತ್ತ ಕೂತೆ. ಮರುದಿನ ಆಫೀಸಿನಲ್ಲಿ ಡ್ರಾಯಿಂಗ್ ಮಾಡುವವನು, "ಇನ್ನು ನೀವು ರಿಟೈರು ಬಿಡಿ ಅಜ್ಜಿ, ಪೆನ್ಷನ್ ಕೇಳ್ಬೇಡಿ ಮತ್ತೆ" ಎಂದು ನಗಿಸಿದ. ನಾನೂ ನಕ್ಕೆ. ಆದರೆ ಅಂದು ಹಾಲು ಉಕ್ಕಿತು.

ನಿಮ್ಮ ಅಮ್ಮನೂ ನಾನೂ ಹೋದ ಅಂಗಡಿಯಲ್ಲಿ ಎರಡು ಮೆಷಿನ್ನು ತೋರಿಸಿದರು. ಒಂದಕ್ಕೆ ಬೀಜ ಸುರಿದು ಬಟನ್ ಒತ್ತಿದರೆ ಸಾಕು, ಪುಡಿ ಮಾಡುವುದೂ ಅದೇ, ಕಾಫಿ ಇಳಿಸುವುದೂ ಅದೇ. ಇನ್ನೊಂದಕ್ಕೆ ಸೌಟಿನಂಥ ಹಿಡಿ. ಅದರ ಬಟ್ಟಲಿಗೆ ಪುಡಿ ತುಂಬಿ, ಒತ್ತಿ, ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸಬೇಕು. ಬಟ್ಟಲಿನಡಿ ಎರಡು ಮೂತಿ, ಎರಡು ಲೋಟಕ್ಕೂ ಒಟ್ಟಿಗೆ ಬೀಳುತ್ತದೆ. "ಇದು ಬೈಟು" ಎಂದೆ ಮೆಲ್ಲಗೆ. ಯಾರಿಗೂ ಕೇಳಿಸಲಿಲ್ಲ.

"ಆಫೀಸಿಗಾದ್ರೆ ಬಟನ್‌ದೇ ತಗೊಳ್ಳಿ ಮೇಡಂ," ಎಂದಳು ಅಂಗಡಿಯವಳು. "ಯಾರೂ ಮುಂದೆ ನಿಂತ್ಕೊಂಡು ಕಾಯೋದೇ ಬೇಡ."

ಮನೆಗೆ ಗ್ರೈಂಡರ್ ಕೊಳ್ಳುವಾಗ ರುಬ್ಬಿ ನೋಡಲು ನೆನೆಸಿದ ಅಕ್ಕಿ ಒಯ್ದಿದ್ದವಳು ನಾನು. ಈ ಸಲವೂ ಮನೆಯ ಕಾಫಿಪುಡಿ ಡಬ್ಬಿ ಚೀಲದಲ್ಲಿತ್ತು. ಹಿಡಿಯ ಮೆಷಿನ್ನಿಗೆ ಅದನ್ನು ಹಾಕಿಸಿದೆ. ಮೆಷಿನ್ನು ಗೊರಗೊರ ಅಂದಿತು, ಏನೂ ಬರಲಿಲ್ಲ. ಆಮೇಲೆ ಕಪ್ಪಗೆ ಒಂದು ತೊಟ್ಟು.

"ಇದರಲ್ಲಿ ಚಿಕೋರಿ ಇದ್ಯಾ?" ಎಂದು ಕೇಳಿದಳು ಅಂಗಡಿಯವಳು.

"ಇಲ್ದಿದ್ರೆ ಕಾಫಿ ಹೆಂಗಾಗತ್ತೆ?" ಎಂದೆ.

"ಅಮ್ಮಾ, ಅದು ಅಂಟು. ಜಾಲರಿ ಕಟ್ಕೊಂಬಿಡತ್ತೆ," ಎಂದಳು ಅವಳು.

"ನಮ್ಮಮ್ಮ ಮೆಷಿನ್‌ಗೂ ಡಿಕಾಕ್ಷನ್ ಇಳಿಸೋದು ಕಲಿಸ್ತಿದ್ದಾಳೆ," ಎಂದು ನಿಮ್ಮ ಅಮ್ಮ ನಕ್ಕಳು. ಮತ್ತೆ ಅಂಗಡಿಯವಳ ಕಡೆ ತಿರುಗಿ, "ಬಟನ್‌ದೇ ಕೊಡಿ. ರಗಳೆ ಬೇಡ" ಎಂದಳು.

"ಬಟನ್ ಒತ್ತಕ್ಕೆ ನಾನ್ಯಾಕೆ ಬರಲಿ? ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ನಾನು?"

ನನ್ನ ದನಿಯೇ. ಅಂದುಕೊಂಡದ್ದಕ್ಕಿಂತ ಜೋರಾಗಿ ಬಂದಿತ್ತು. ಅಂಗಡಿಯವಳು ಜಾಲರಿ ತೊಳೆಯಲು ಒಳಗೆ ಹೋದಳು. ನಿಮ್ಮ ಅಮ್ಮ ಪುಡಿಯ ಡಬ್ಬಿ ಮುಚ್ಚಿ ನನ್ನ ಚೀಲಕ್ಕೆ ಹಾಕುತ್ತ, "ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ್ತಿ" ಎಂದಳು.

ಹಿಡಿಯ ಮೆಷಿನ್ನೇ ಬಂತು, ಚಿಕೋರಿಯಿಲ್ಲದ ಪುಡಿಯೂ ಬಂತು. ಕಲಿತೆ ಎನ್ನಲು ನನಗಿನ್ನೂ ಧೈರ್ಯವಿಲ್ಲ. ಪುಡಿಯನ್ನು ಬಿಗಿಯಾಗಿ ಒತ್ತಿದರೆ ತೊಟ್ಟಿಕ್ಕುತ್ತದೆ, ಸಡಿಲವಾದರೆ ನೀರು ನೀರಾಗಿ ಸುರಿಯುತ್ತದೆ. ಬಸ್ಸಿನಲ್ಲಿ ತೊಡೆಯ ಮೇಲಿನ ಚೀಲವನ್ನು ಹೆಬ್ಬೆರಳು ತಾನೇ ಒತ್ತುತ್ತಿರುತ್ತದೆ. ದಿನದ ಮೊದಲ ಬೈಟು ನಿಮ್ಮ ಅಮ್ಮನಿಗೂ ನನಗೂ. ಅವಳು ಒಂದು ಗುಟುಕು ಕುಡಿದು ಲೋಟ ಪಕ್ಕಕ್ಕೆ ಸರಿಸುತ್ತಾಳೋ ಇಲ್ಲವೋ ನೋಡುತ್ತೇನೆ. ಆಮೇಲೇ ನನ್ನದನ್ನು ಬಾಯಿಗಿಡುವುದು.